ಬೇಲಿ ದಾಟುವ ಉಣುಗು

ನನ್ನ ಅಮ್ಮ ವಸಂತಿ ಉಡುಪಿ ಕಡೆಯ ಹೆಣ್ಣು. ಅಪ್ಪ ರತ್ನಾಕರ ಬ್ಯಾಂಕಿನಲ್ಲಿದ್ದರು. ೧೯೬೮ರಲ್ಲಿ ಅವರಿಗೆ ಕೊಚ್ಚಿಯ ಮಟ್ಟಾಂಚೇರಿಗೆ ವರ್ಗವಾದಾಗ ನಾವು ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ ಹಿಡಿದೆವು. ಅಪ್ಪ ಬಸ್ಸು ಹಿಡಿದು, ಆಮೇಲೆ ಬೋಟು ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಆ ಮನೆಯನ್ನು ಒಪ್ಪಿದ್ದು ಹಿತ್ತಲಲ್ಲಿ ಮುರಕಲ್ಲಿನ ಒಂದು ಖಾಲಿ ಹಟ್ಟಿ ಇತ್ತೆಂದು.

"ಹಟ್ಟಿ ಇದ್ದ ಮೇಲೆ ಹಸು ಬಾರದೆ ಇರುತ್ತದಾ?" ಎಂದಳು.

ಬಂತು. ಆಗ ಕೇರಳದಲ್ಲಿ ಎಲ್ಲಿ ನೋಡಿದರೂ ಮಿಶ್ರತಳಿಯ ಮಾತು. ಜರ್ಸಿ ಕಲೆತ ಕೆಂಗಂದು ಬಣ್ಣದ ಹಸು. ಊರಿನ ಕೆಂಪು ಕೇಪಳ ಹೂವಿನ ನೆನಪಿಗೆ ಅಮ್ಮ ಅದನ್ನು ಕೇಪಳೆ ಎಂದು ಕರೆದಳು. ನಾನು ಶಾಲೆಗೆ ಸೇರಿದ ಮೇಲೆ ಅಮ್ಮನ ಕನ್ನಡಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದೆ. ಕೇಪಳೆ ಮಾತ್ರ ಕನ್ನಡ ಕೇಳಿದರೆ ಕಿವಿ ನಿಮಿರಿಸುತ್ತಿತ್ತು. ಅದರ ಹಾಲಿನ ವಾಸನೆ, ಮಳೆಗಾಲದಲ್ಲಿ ಹಟ್ಟಿಯಿಂದ ಏಳುತ್ತಿದ್ದ ಬಿಸಿ ಹಬೆ, ಅಮ್ಮ ಅದರ ಕೊರಳು ತುರಿಸುತ್ತ ತನ್ನ ತಂಗಿಯರ ಸುದ್ದಿ ಹೇಳುತ್ತಿದ್ದುದು, ಎಲ್ಲ ಈಗಲೂ ನನ್ನೊಳಗೆ ಹಾಗೆಯೇ ಇದೆ.

ಬೇಲಿಯ ಆಚೆ ಕಲ್ಯಾಣಿಯಮ್ಮ ಇದ್ದರು. ಗಂಡ ತೀರಿಹೋದ ಗಟ್ಟಿ ಹೆಂಗಸು. ಅವರದು ಗಿಡ್ಡನೆಯ ಕಪ್ಪು ಊರ ಹಸು. ಮೊದಮೊದಲು ಬೇಲಿಯ ಮೇಲಿಂದಲೇ ಕರಿಬೇವು ಇತ್ತ ಬರುತ್ತಿತ್ತು, ಮಜ್ಜಿಗೆ ಅತ್ತ ಹೋಗುತ್ತಿತ್ತು.

ಎಪ್ಪತ್ತರ ಮಳೆಗಾಲದಲ್ಲಿ ಕೇಪಳೆ ಹುಲ್ಲು ಬಿಟ್ಟಿತು. ಮೈ ಕೆಂಡದ ಹಾಗಿತ್ತು. ಅಮ್ಮ ಪಶುವೈದ್ಯರನ್ನು ಕರೆಸಿದಳು. ಅವರು ಕಾಸರಗೋಡಿನವರು, ಹೆಸರು ಶಂಕರನಾರಾಯಣ. ಕನ್ನಡ ಕೇಳಿಯೇ ಅಮ್ಮನಿಗೆ ಅರ್ಧ ಧೈರ್ಯ ಬಂತು.

"ಎಂತ ಅಕ್ಕ, ಮೂತ್ರ ಕಟ್ಟನ್‌ಕಾಪಿಯ ಹಾಗೆ ಹೋಗುತ್ತದಾ?"

"ಹೌದು ಡಾಕ್ಟ್ರೇ. ಹಾಲು ಹಾಕದ ಕಾಪಿಯ ಹಾಗೇ."

ಅವರು ಕಿವಿಯ ತುದಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿಕೊಂಡು, ಸೂಜಿಮದ್ದು ಕೊಟ್ಟರು. ಆಮೇಲೆ ಕೇಪಳೆಯ ಬಾಲ ಎತ್ತಿ, ಬುಡದಲ್ಲಿ ಹಲಸಂಡೆ ಬೀಜದ ಹಾಗೆ ಉಬ್ಬಿ ಕಚ್ಚಿಕೊಂಡಿದ್ದ ಉಣುಗುಗಳನ್ನು ತೋರಿಸಿದರು. "ಈ ರಕ್ತ ಹೀರುವ ಹುಳ ತಂದ ಜ್ವರ ಇದು. ರಕ್ತವೇ ಒಡೆದು ಮೂತ್ರದಲ್ಲಿ ಹೋಗುವುದು."

"ಪಕ್ಕದ ಮನೆಯ ಹಸುವಿನ ಮೈಮೇಲೂ ಉಂಟಲ್ಲ. ಅದಕ್ಕೆ ಏನೂ ಆಗಲಿಲ್ಲ."

"ಊರ ಹಸುವಿನ ರಕ್ತಕ್ಕೇ ತಾಳಿಕೊಳ್ಳುವ ಶಕ್ತಿ ಉಂಟು, ಮಿಶ್ರತಳಿಗೆ ಅದು ಕಡಿಮೆ. ಅದಕ್ಕೆ ಸುಖವೇ. ಆದರೆ ಅದರ ಮೈಯಿಂದ ಉದುರಿದ ಉಣುಗು ಗೋಡೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ನಿಮ್ಮದಕ್ಕೆ ಹತ್ತುತ್ತವೆ. ಒಂದೇ ಹಟ್ಟಿ ಶುದ್ಧ ಮಾಡಿದರೆ ಸಾಲದು."

ಕೇಪಳೆ ಬದುಕಿತು. ಅಮ್ಮ ಒಣಗರಿಯ ದೊಂದಿ ಹಿಡಿದು ಹಟ್ಟಿಯ ಸಂದುಗೊಂದುಗಳನ್ನೆಲ್ಲ ಸುಟ್ಟಳು, ಸುಣ್ಣ ಬಳಿದಳು. ಡಾಕ್ಟರು ಹೇಳಿದಂತೆ ಕೆಚ್ಚಲಿಗೆ ತಾಗದ ಹಾಗೆ ಹುಳ ಕೊಲ್ಲುವ ಗಮಾಕ್ಸಿನ್ ಪುಡಿ ಹಚ್ಚಿದಳು. ಆದರೂ ಓಣಂ ಕಳೆಯುವಷ್ಟರಲ್ಲಿ ಮತ್ತೆ ಉಣುಗು. ಆಗ ಬೇಲಿಯ ಹತ್ತಿರ ನಿಂತು, ಅಲ್ಲಿಯವರ ಹಾಗೆ ಅಕ್ಕನಿಗೆ ಚೇಚ್ಚಿ ಎನ್ನುತ್ತ, ತನ್ನ ಹರಕು ಮಲಯಾಳದಲ್ಲಿ ಹೇಳಿದಳು: "ಕಲ್ಯಾಣಿ ಚೇಚ್ಚಿ, ನಿಮ್ಮ ಹಸುವಿಗೂ ಸ್ವಲ್ಪ ಪುಡಿ ಹಚ್ಚುವುದಾ?"

ಕಲ್ಯಾಣಿಯಮ್ಮನ ಮುಖ ಬಿಗಿಯಿತು. "ನನ್ನ ಹಸು ಒಂದು ದಿನವೂ ಕಾಯಿಲೆ ಬಿದ್ದು ಮಲಗಿದ್ದಿಲ್ಲ. ರೋಗ ಬಂದದ್ದು ನಿಮ್ಮ ಸೀಮೆ ಹಸುವಿನ ಜೊತೆಗೆ."

ಅಂದಿನಿಂದ ಕರಿಬೇವೂ ನಿಂತಿತು, ಮಜ್ಜಿಗೆಯೂ ನಿಂತಿತು. ನಮ್ಮ ಸುಣ್ಣದ ಕೆಲಸ ನಡೆದೇ ಇತ್ತು. ಅಮ್ಮ ದಿನವೂ ಉಣುಗು ಹೆಕ್ಕಿ ಸೀಮೆಎಣ್ಣೆಯ ಕರಟಕ್ಕೆ ಹಾಕುತ್ತಿದ್ದಳು. ಬೇಲಿಯ ಕಡೆ ನೋಡುತ್ತಿರಲಿಲ್ಲ. ಆದರೆ ಆಚೆ ಪಾತ್ರೆಯ ಸದ್ದಾದರೆ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಇದರ ನಡುವೆ ಕಲ್ಯಾಣಿಯಮ್ಮನ ಕಪ್ಪು ಹಸು ಸರಕಾರಿ ಸೂಜಿಯಿಂದ ಗಬ್ಬವಾಗಿ ಒಂದು ಮಿಶ್ರತಳಿ ಕರು ಹಾಕಿತು. ಹಣೆಯಲ್ಲಿ ಬಿಳಿ ಚುಕ್ಕೆ. ಅದನ್ನು ಅವರು ಮಗಳ ಹಾಗೆ ಸಾಕಿದರು. ಅದು ಬೆಳೆದು ಮೊದಲ ಗಬ್ಬ ನಿಂತ ವರ್ಷ, ಜಡಿಮಳೆಯಲ್ಲಿ ಜ್ವರ ಬಂತು. ಅವರು ಬೇರು, ಸೊಪ್ಪು ಅರೆದು ಕುಡಿಸುತ್ತ ಕಾದರು. ಮೂತ್ರ ಕಪ್ಪಾದ ಮೇಲೆ ಡಾಕ್ಟರಿಗೆ ಹೇಳಿಕಳಿಸಿದರು. ಅವರು ಬರುವ ಮೊದಲೇ ಕಡಸು ಸತ್ತಿತು.

ಅಳು ಕೇಳಿದ ಅಮ್ಮ ಒಲೆಯ ಮೇಲಿದ್ದುದನ್ನು ಇಳಿಸಿ, ಬೇಲಿಯ ಕೋಲು ಸರಿಸಿ ಆಚೆ ಹೋದಳು. ನಾನು ಹಿಂದೆಯೇ ಹೋದೆ. ಕಲ್ಯಾಣಿಯಮ್ಮ ಕಡಸಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅಮ್ಮ ಕೆಸರಿನಲ್ಲೇ ಅವರ ಪಕ್ಕದಲ್ಲಿ ಕೂತು, ಕಡಸಿನ ಕಣ್ಣು ಮುಚ್ಚಿದಳು. ಹೂಳಲು ಆಳುಗಳನ್ನು ಕರೆಸಿದವಳೂ ಅವಳೇ.

ಸಂಜೆ ಕಲ್ಯಾಣಿಯಮ್ಮ ಕೇಳಿದರು: "ವಸಂತೀ, ಆ ಡಾಕ್ಟರ್ ಏನು ಮಾಡಬೇಕು ಅಂದಿದ್ದರು?"

"ಎಲ್ಲ ಹಟ್ಟಿಯನ್ನೂ ಒಂದೇ ದಿನ ಶುದ್ಧ ಮಾಡಬೇಕು ಚೇಚ್ಚಿ. ಓಣಿಯ ಎಲ್ಲ ಮನೆಯದ್ದೂ."

"ನಿನ್ನ ಮಲಯಾಳ ಕೇಳಿದರೆ ಯಾರೂ ಒಪ್ಪುವುದಿಲ್ಲ. ನಾನು ಬರುತ್ತೇನೆ."

ಇಬ್ಬರೂ ಮನೆಮನೆಗೆ ಹೋದರು. ಹೇಳುವ ವಿಷಯ ಅಮ್ಮನದು, ಬಾಯಿ ಕಲ್ಯಾಣಿಯಮ್ಮನದು. ಒಪ್ಪದವರ ಜಗಲಿಯಲ್ಲಿ ಅವರು ಕೂತೇಬಿಡುತ್ತಿದ್ದರು. "ನನ್ನದು ಸತ್ತ ಮೇಲೆ ಬುದ್ಧಿ ಬಂತು, ನೀವು ಅಷ್ಟು ತಡ ಮಾಡಬೇಡಿ" ಎನ್ನುತ್ತಿದ್ದರು. ಒಂದು ಭಾನುವಾರ ಓಣಿಯ ತುಂಬ ದೊಂದಿಯ ಹೊಗೆ, ಸುಣ್ಣದ ವಾಸನೆ. ಅಪ್ಪ ಬಿಳಿ ಪಂಚೆ ಮಡಚಿ ಕಟ್ಟಿ ಸುಣ್ಣ ಕಲಸಿದರು. ಉಳಿದ ಮೊಟ್ಟೆಗಳು ಒಡೆಯುವ ಹೊತ್ತಿಗೆ ಇನ್ನೊಮ್ಮೆ ಎಲ್ಲರೂ ಮಾಡಿದರು. ಮರುವರ್ಷದ ಮಳೆಯಲ್ಲಿ ಆ ಓಣಿಯಲ್ಲಿ ಒಂದು ಹಸುವೂ ಮಲಗಲಿಲ್ಲ.

ಎಪ್ಪತ್ತಾರರಲ್ಲಿ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗ. ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ಮಹಡಿಯ ಮನೆ, ಹಟ್ಟಿಯ ಮಾತೇ ಇಲ್ಲ. ಅಮ್ಮ ಕೇಪಳೆಯ ಹಗ್ಗವನ್ನು ಕಲ್ಯಾಣಿಯಮ್ಮನ ಕೈಗೆ ಕೊಟ್ಟು, ತಿರುಗಿ ನೋಡದೆ ಕಾರು ಹತ್ತಿದಳು. ಪಟ್ಟಂನಲ್ಲಿ ಬಾಟಲಿ ಹಾಲು ಕಾಯಿಸುವಾಗ ಎಷ್ಟೋ ದಿನ ಮೂಗು ಮುರಿಯುತ್ತಿದ್ದಳು.

ಎರಡು ವರ್ಷದ ಮೇಲೆ ಕಲ್ಯಾಣಿಯಮ್ಮ ಕಣ್ಣು ತೋರಿಸಲು ಬಂದು ನಮ್ಮಲ್ಲೇ ಉಳಿದರು. ಕೇಪಳೆ ಹೆಣ್ಣುಕರು ಹಾಕಿದೆ, ಮಳೆಗೆ ಮೊದಲು ಓಣಿಯವರೆಲ್ಲ ಈಗಲೂ ಹಟ್ಟಿಗೆ ಸುಣ್ಣ ಬಳಿಯುತ್ತಾರೆ ಎಂದರು. ಅಮ್ಮ ಆ ಸುದ್ದಿಯನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ಅವರನ್ನು ಬಸ್ಸಿಗೆ ಬಿಡಲು ಹೋಗುವಾಗ ಒಂದು ಕಚೇರಿಯ ಬೇಲಿಯ ಹತ್ತಿರ ಯಾರದೋ ಹಸು ಮೇಯುತ್ತಿತ್ತು. ಇಬ್ಬರೂ ನನ್ನನ್ನು ಮರೆತು ಅದರತ್ತ ನಡೆದರು. ಕಲ್ಯಾಣಿಯಮ್ಮ ಕಿವಿ ಮಗುಚಿದರು, ಅಮ್ಮ ಬಾಲ ಎತ್ತಿದಳು. ಹಸುವಿನ ಒಡೆಯ ಓಡಿ ಬಂದ. ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಇಬ್ಬರೂ ಅದಕ್ಕೆ ಬೇಸರಪಡಲಿಲ್ಲ. ನೆರಳಲ್ಲಿ ಕೂತು ಮುಂದಿನದಕ್ಕೆ ಕಾದರು.