ಟಚಿಂಗ್ ಮಾಡಿದ ಹಿಮನದಿ

“ಇಲ್ಲಿದ್ದ ಕರೇ ಗೆರಿ ಎಲ್ಲಿ ಹೋದ್ವಲೇ ಬಸ್ಯಾ?”

ಶೈಲಕ್ಕ ದೊಡ್ಡ ಪ್ರಿಂಟನ್ನು ಹೊರಗಿನ ಬೆಳಕಿಗೆ ಹಿಡಿದು ಕೇಳಿದಳು. ಇನ್ನೊಂದು ಕೈಯಲ್ಲಿ, ದೊಡ್ಡದು ಮಾಡಿಕೊಡು ಅಂತ ನನಗೆ ಕೊಟ್ಟಿದ್ದ ಅಂಗೈಯಗಲದ ಅಸಲಿ ಫೋಟೋ ಇತ್ತು.

“ಗೀರು ಬಿದ್ದಿದ್ವು ಅಕ್ಕಾ. ನೀ ಹೇಳದಿದ್ರೂ ನಾನಾ ತೆಗದೀನಿ. ಈಗ ನೋಡು, ಹೆಂಗ ಹಾಲಿನಂಗ ಐತಿ,” ಅಂದೆ.

ಅವಳು ಸ್ಟೂಲಿನ ಮೇಲೆ ಕೂತೇಬಿಟ್ಟಳು. “ಅವು ಗೀರಲ್ಲೋ ಮಾರಾಯ, ಕಲ್ಲು. ಮೈಲಿಗಟ್ಲೆ ಕಲ್ಲು. ಮೂರು ವರ್ಷದಿಂದ ನಾ ಓದಾಕ ಹತ್ತಿದ್ದು ಅವನ್ನಾ.”

ನಾನು ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ಅಂಥವರನ್ನು ಕಂಡರೂ ಆಗುವುದಿಲ್ಲ. ಕಲಿತ ವಿದ್ಯೆ ಒಂದೇ, ಟಚಿಂಗ್. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಕರಿ ಕಲೆ ಬೆಳ್ಳಗಾಗುತ್ತದೆ. ಮದುವೆಗೆ ತೋರಿಸುವ ಹುಡುಗಿಯ ಮುಖದಿಂದ ಸಿಡುಬಿನ ಕಲೆ ತೆಗೆಯುತ್ತೇನೆ. ತೀರಿಹೋದ ಅಜ್ಜನ ಹಣೆಯ ಗೆರೆ ತೆಗೆಯುತ್ತೇನೆ. ಯಾರೂ ತೆಗಿ ಅನ್ನುವುದಿಲ್ಲ, ಯಾಕೆ ತೆಗೆದೆ ಅಂತಲೂ ಕೇಳುವುದಿಲ್ಲ. ಕರಿ ಗೆರೆ ಕಂಡರೆ ಕೈ ತಾನೇ ಹೋಗುತ್ತದೆ. ಹಾಗೆಯೇ ಶೈಲಕ್ಕನ ಹಿಮನದಿಯ ಮೇಲೂ ಹೋಯಿತು.

ಹಿಮನದಿ ಅಂದರೆ ಹಿಮಾಲಯದಲ್ಲಿ ಕಣಿವೆ ತುಂಬ ಬಿದ್ದಿರುವ ಮಂಜುಗಡ್ಡೆ. ಹೆಸರಿಗೆ ನದಿ, ಕಣ್ಣಿಗೆ ಕಾಣುವಂತೆ ಹರಿಯುವುದಿಲ್ಲ. ಶೈಲಕ್ಕ ದೂರದ ಯೂನಿವರ್ಸಿಟಿಯಲ್ಲಿ ಅದನ್ನೇ ಓದುತ್ತಿದ್ದಳು. ಅಲ್ಲಿಗೆ ನಡೆದು ಹೋಗಿ ನೋಡುವುದು ಕಷ್ಟವಂತೆ. ಮೇಲೆ ತಿರುಗುವ ಉಪಗ್ರಹ ವರ್ಷ ವರ್ಷ ಅದೇ ಜಾಗದ ಫೋಟೋ ತೆಗೆಯುತ್ತದೆ, ಇವಳು ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡುತ್ತಾಳೆ. ಎಲ್ಲ ಬಿಟ್ಟು ಈ ಕೆಲಸವೇ ಅಂತ ನಾನು ನಕ್ಕಿದ್ದೆ. ನಗಬಾರದಿತ್ತು.

ಆವತ್ತು ಬಿಡಿಸಿ ಹೇಳಿದಳು: ಕೆಲವು ಹಿಮನದಿಗಳು ಎಷ್ಟೋ ವರ್ಷ ಸುಮ್ಮನೆ ಬಿದ್ದಿರುತ್ತವೆ. ಬುಡದಲ್ಲಿ ನೀರು ಸೇರುತ್ತದೆ. ಒಂದು ದಿನ ಜಾರಲು ಶುರುವಾದರೆ ವರ್ಷಗಟ್ಟಲೆ ಹೋಗದ ದೂರ ಕೆಲವೇ ದಿನದಲ್ಲಿ ಹೋಗುತ್ತವೆ. ಮೈಮೇಲಿನ ಕಲ್ಲಿನ ಸಾಲು ಮೊದಲು ನೆಟ್ಟಗಿರುತ್ತದೆ. ನುಗ್ಗಿತು ಅಂದರೆ, ನೀರು ನುಗ್ಗಿದ ಹೊಲದ ಸಾಲಿನ ಹಾಗೆ ಬಾಗಿ ಕುಣಿಕೆಯಾಗುತ್ತದೆ. ಹಳೆ ಫೋಟೋದಲ್ಲಿ ಗೆರೆ ನೆಟ್ಟಗಿತ್ತು, ಹೊಸದರಲ್ಲಿ ಬಾಗಿತ್ತು. ಆ ಬಾಗಿದ್ದನ್ನೇ ಗೀರು ಅಂದುಕೊಂಡು ನಾನು ಅಳಿಸಿದ್ದೆ.

“ಅಳಿಸಿದ್ರ ಏನಾಗ್ತೈತಿ ಈಗ?” ಅಂದೆ. ಸ್ವಲ್ಪ ಸಿಟ್ಟೇ ಬಂದಿತ್ತು. ಒಂದು ದಿನ ಪೂರ್ತಿ ಕೂತು ಮಾಡಿದ ಕೆಲಸ.

ಶೈಲಕ್ಕ ಡಾರ್ಕ್ ರೂಮಿನ ಬಾಗಿಲು ತೋರಿಸಿದಳು. ತೇಗದ ಬಾಗಿಲು, ದಪ್ಪ. ಒಂದೆಳೆ ಬೆಳಕು ಒಳಗೆ ಬಿಡುವುದಿಲ್ಲ. “ಇದು ಹೆಂಗ ಉಳೀತು ಹೇಳು?”

ಅವಳಿಗೆ ಗೊತ್ತಿದ್ದದ್ದೇ. ಅವಳ ಅಜ್ಜಂದೂ ನಮ್ಮ ಅಜ್ಜಂದೂ ಒಂದೇ ಊರು. ಹಂಪಸಾಗರದ ಆಚೆ, ಈಗ ಡ್ಯಾಮಿನ ಹಿನ್ನೀರಿನ ಕೆಳಗಿದೆ. “ನೀರು ಬರ್ತೈತಿ ಅಂತ ಮುಂಚೇನಾ ಹೇಳಿದ್ರು. ಅಜ್ಜ ಮನೀ ಬಾಗ್ಲ ಬಿಚ್ಚಿ ಬಂಡ್ಯಾಗ ಹಾಕ್ಕೊಂಡು ಬಂದ,” ಅಂದೆ.

“ಈ ಹಿಮನದಿ ಕೆಳಗೂ ಒಂದು ಊರೈತಿ. ಇದು ಹೋಗಿ ಹೊಳಿಗೆ ಅಡ್ಡ ಬಿದ್ರ ಹಿಂದ ನೀರು ನಿಲ್ತೈತಿ. ಐಸಿನ ಒಡ್ಡು ಎಷ್ಟು ದಿನ ತಡೀತೈತಿ? ಅವರಿಗೆ ಹೇಳೋರ್ ಯಾರು? ಸೋಮವಾರ ಸರ್ಕಾರದ ಸಾಹೇಬ್ರ ಮುಂದ ಈ ಫೋಟೋ ಗೋಡಿಗೆ ಹಾಕ್ತೀನಿ. ಅಂಗೈಯಗಲದ್ದು ಯಾರಿಗೆ ಕಾಣಬೇಕು?”

ನಾನು ಪ್ರಿಂಟನ್ನು ಅವಳ ಕೈಯಿಂದ ತಗೊಂಡೆ. ಅವಳು ನೋಡದೆ ಸುರುಳಿ ಸುತ್ತಿಕೊಂಡು ಬಸ್ ಹತ್ತಿದ್ದರೆ? ಸಾಹೇಬರು ಹಾಲಿನಂಥ ಐಸು ನೋಡಿ, ಏನೂ ಇಲ್ಲವಲ್ಲಮ್ಮಾ ಅಂದು ಎದ್ದು ಹೋಗುತ್ತಿದ್ದರು.

ನೆಗೆಟಿವ್ ಕೆಟ್ಟಿತ್ತು. ಅಸಲಿಯಿಂದ ಮತ್ತೆ ತೆಗೆಯಬೇಕು. ಕರೆಂಟ್ ಇರಲಿಲ್ಲ. ಹೊಸಪೇಟೆ ಬಸ್ಸು ಐದೂವರೆಗೆ. ಬಿಸಿಲಿನಲ್ಲಿ ಅಸಲಿ ಇಟ್ಟು ಕ್ಯಾಮೆರಾದಲ್ಲಿ ಹೊಡೆದು, ನೆಗೆಟಿವ್ ತೊಳೆದು ಒಣಹಾಕಿ ಕಾದೆವು. ನಾಲ್ಕರ ಮೇಲೆ ಕರೆಂಟ್ ಬಂತು. ತಟ್ಟೆಯ ಕೆಮಿಕಲ್ ನೀರಿನಲ್ಲಿ ಬಿಳಿ ಕಾಗದದ ಮೇಲೆ ಆ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಎಷ್ಟು ಹುಡುಗಿಯರ ಮುಖ ಹೀಗೆ ಎದ್ದು ಬಂದದ್ದು ನೋಡಿದ್ದೇನೆ, ಆವತ್ತು ಮಾತ್ರ ಗೆರೆ ಎಣಿಸುತ್ತಾ ನಿಂತೆ.

“ಪೆನ್ಸಿಲ್ ಮುಟ್ಟಿಗಿಟ್ಟೀಯ ಮತ್ತ,” ಅಂದಳು ಹಿಂದಿನಿಂದ.

“ಮುಟ್ಟಿದ್ರ ಕೈ ಕಡಿ,” ಅಂದೆ.

ಪ್ರಿಂಟ್ ಪೂರ್ತಿ ಒಣಗಿರಲಿಲ್ಲ. ಎರಡು ರಟ್ಟಿನ ನಡುವೆ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಹೋದಳು.

ಎಂಟು ತಿಂಗಳಿಗೆ ಒಂದು ಕಾರ್ಡು ಬಂತು. ಸಾಹೇಬರು ಗೆರೆಯ ಮುಂದೆ ಬಹಳ ಹೊತ್ತು ನಿಂತರಂತೆ. ಆ ಊರಿಗೆ ಜನ ಹೋಗಿ ಹೇಳಿದರಂತೆ. ಐಸು ಹೊಳೆಗೆ ಅಡ್ಡ ಬಿತ್ತೋ ಇಲ್ಲವೋ ಬರೆದಿರಲಿಲ್ಲ. ಕೊನೆಗೆ ಒಂದು ಸಾಲು: “ಮೇಲಿನ ದಿಬ್ಬಕ್ಕೆ ಹೋಗುವಾಗ ಅವರೂ ಬಾಗಿಲು ಬಿಚ್ಚಿಕೊಂಡು ಹೋದರಂತೆ ಬಸ್ಯಾ.”

ಈಗಲೂ ಟಚಿಂಗ್ ಮಾಡುತ್ತೇನೆ, ಹೊಟ್ಟೆಪಾಡು. ಆದರೆ ಮೊದಲು ಕೇಳುತ್ತೇನೆ. “ಈ ಗೆರಿ ಇರ್ಲೋ, ತೆಗೀಲೋ?” ಮೊನ್ನೆ ಒಬ್ಬ ಮುದುಕಿ ಗಂಡನ ಫೋಟೋ ತಂದಿದ್ದಳು, ಹುಬ್ಬಿನ ಮೇಲೆ ಉದ್ದ ಗಾಯದ ಗೆರೆ. ಕೇಳಿದೆ. “ಅದನ್ನ ತೆಗದ್ರ ಯಾರಂತ ಪೂಜಿ ಮಾಡ್ಲೆಪಾ?” ಅಂದಳು. ಬಿಟ್ಟೆ.

ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.