ಲಗೇಜು ಟಿಕೆಟಿನ ನಾಯಿ

ನಿವೃತ್ತಿಯ ದಿನ ಜನ ಮನೆಗೆ ಗೋಡೆ ಗಡಿಯಾರ ತರುತ್ತಾರೆ. ನಮ್ಮಕ್ಕ ನಾಯಿ ತಂದಳು. ಅದೂ ಎಂಥ ನಾಯಿ! ಕರುವಿನೆತ್ತರ, ನಲವತ್ತೈದು ಕಿಲೋ ತೂಕ. ಬಾಗಿಲಲ್ಲಿ ನಿಂತರೆ ಮನೆಯೊಳಗಿನ ಬೆಳಕೇ ಹೋಗುತ್ತಿತ್ತು. ಬಸ್ ಡಿಪೋದ ಕಾವಲುಗಾರ ಕೆಲಸ ಬಿಟ್ಟು ಹೋಗುವಾಗ ಅದನ್ನು ಸರಪಳಿ ಸಮೇತ ಅಲ್ಲೇ ಬಿಟ್ಟು ಹೋಗಿದ್ದ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದ ಅಕ್ಕ ತನ್ನ ಕೊನೆಯ ಟ್ರಿಪ್ಪಿನಲ್ಲಿ ಅದನ್ನು ಹಿಂದಿನ ಬಾಗಿಲಿಂದ ಹತ್ತಿಸಿಕೊಂಡು, ಕೈಯಾರೆ ಒಂದು ಲಗೇಜು ಟಿಕೆಟ್ ಹರಿದು ಕೊರಳಪಟ್ಟಿಗೆ ಸಿಕ್ಕಿಸಿದಳು. ಹಾಗಾಗಿ ಅದರ ಹೆಸರು ಲಗೇಜು.

ನಾನು ಅವಳ ತಂಗಿ, ಕೋರ್ಟಿನ ಮುಂದೆ ಕೂತು ಅರ್ಜಿ ಟೈಪು ಮಾಡುವವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ನನಗೆ ನಾಯಿ ಬೇಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಒಳ್ಳೆಯವಳ ಹಾಗೆ ನಟಿಸುವುದು ನನ್ನಿಂದಾಗದು.

ಇನ್ನೊಂದು ಮಾತು. ನಿವೃತ್ತಿಗೆ ಆರು ತಿಂಗಳಿರುವಾಗ ಗಂಟಲಿನ ಆಪರೇಶನ್ ಆಗಿ ಅಕ್ಕನ ದನಿ ಹೋಗಿತ್ತು. ಒಂದು ಕಾಲಕ್ಕೆ ಅವಳು "ಯಾರ್ರೀ ಟಿಕೆಟ್!" ಅಂದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಜೇಬು ತಡಕುತ್ತಿದ್ದ. ಈಗ ಉಳಿದದ್ದು ಪಿಸುಮಾತು ಮಾತ್ರ. ಆ ಪಿಸುಮಾತಿಗೆ ಲಗೇಜು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

ಬಂದ ವಾರದಲ್ಲೇ ಅದು ಒಂದು ಬೆಕ್ಕಿನ ಹಿಂದೆ ಬಿದ್ದು, ಅಕ್ಕನನ್ನು ಮೆಟ್ಟಿಲ ಮೇಲಿಂದ ದರದರ ಎಳೆದುಕೊಂಡು ಹೋಗಿ, ಕಟ್ಟಡದ ಸಂಘದ ಕಾರ್ಯದರ್ಶಿಯ ನಾಲ್ಕು ಹೂಕುಂಡ ಒಡೆಯಿತು. ಕಾರ್ಯದರ್ಶಿ ಸಂಜೆಯೇ ಬಂದರು. ಹದಿನೈದು ವರ್ಷ ಅಕ್ಕನ ಬಸ್ಸಿನಲ್ಲೇ ಆಫೀಸಿಗೆ ಹೋಗಿಬಂದ ಮನುಷ್ಯ.

"ಒಂದು ತಿಂಗಳು ಟೈಮ್ ಕೊಡ್ತೀವಿ ಮೇಡಂ. ಅಷ್ಟರಲ್ಲಿ ಇದು ಹೇಳಿದ ಮಾತು ಕೇಳ್ಬೇಕು. ಇಲ್ಲಾಂದ್ರೆ ಈ ಬಿಲ್ಡಿಂಗಲ್ಲಿ ಇರೋ ಹಾಗಿಲ್ಲ. ನನ್ನ ಕೇಳಿದ್ರೆ ಒಂದು ವರ್ಷ ಕೊಟ್ರೂ ಅಷ್ಟೇ. ನಾಯಿ ಬಾಲ ಯಾವತ್ತಿದ್ರೂ ಡೊಂಕೇ" ಎಂದರು.

"ಬಾಲ ಅವನದು, ಹೇಗಾದ್ರೂ ಇಟ್ಕೊಳ್ಲಿ. ನನಗೆ ಬೇಕಾಗಿರೋದು ನಾಲ್ಕು ಕಾಲು" ಎಂದು ಅಕ್ಕ ಪಿಸುಗುಟ್ಟಿದಳು.

ನಾಯಿ ಪಳಗಿಸುವವನೊಬ್ಬನನ್ನು ನಾನೇ ಕರೆಸಿದೆ. ಅವನು ಚೀಲದಿಂದ ಬೆತ್ತವನ್ನೂ ಒಳಗೆ ಮುಳ್ಳಿರುವ ಕೊರಳಪಟ್ಟಿಯನ್ನೂ ತೆಗೆದಿಟ್ಟ. "ಯಜಮಾನ ಯಾರು ಅಂತ ದನೀಲೇ ಗೊತ್ತಾಗ್ಬೇಕಮ್ಮ. ಗದರಿಸೋಕೆ ಗಂಟಲೇ ಇಲ್ಲ ಅಂದ್ಮೇಲೆ ಈ ಸೈಜಿನ ನಾಯಿ ನಿಮ್ಮ ಕೈಲಾಗೋ ಕೆಲಸ ಅಲ್ಲ" ಎಂದ. ಅಕ್ಕ ಬೆತ್ತ, ಪಟ್ಟಿ ಎರಡನ್ನೂ ಅವನ ಚೀಲಕ್ಕೇ ತುಂಬಿಸಿ, ಲಿಫ್ಟಿನವರೆಗೆ ಜೊತೆಗೆ ನಡೆದು, ಗುಂಡಿ ಒತ್ತಿ ಬಂದಳು. ಬಂದವಳೇ ಬೀರುವಿನ ಖಾನೆಯಿಂದ ತನ್ನ ಹಳೆಯ ಸೀಟಿ ತೆಗೆದಳು.

ಬಸ್ ಹತ್ತಿದವರಿಗೆಲ್ಲ ಈ ಕಾನೂನು ಗೊತ್ತು: ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಅಕ್ಕನದು ಇನ್ನೂ ಒಂದಿತ್ತು. ಫುಟ್‌ಬೋರ್ಡಿನ ಮೇಲೆ ಒಬ್ಬನೇ ಒಬ್ಬ ನೇತಾಡುತ್ತಿದ್ದರೂ ಅವಳು ಎರಡನೇ ಸೀಟಿ ಊದುತ್ತಿರಲಿಲ್ಲ. ಬೈಯಲಿ, ಬೇಡಲಿ, ಅವನು ಒಳಗೆ ಬರಬೇಕು ಇಲ್ಲವೇ ಇಳಿಯಬೇಕು.

ಅದೇ ಪಾಠ ಲಗೇಜಿಗೂ ಶುರುವಾಯಿತು. ಹಗ್ಗ ಜಗ್ಗಿತೋ, ಒಂದು ಸೀಟಿ. ಅಕ್ಕ ಬೇರು ಬಿಟ್ಟವಳಂತೆ ನಿಂತಳು. ಹಗ್ಗ ಸಡಿಲವಾಯಿತೋ, ಬೇಯಿಸಿದ ಮೊಟ್ಟೆಯ ಚೂರು, ಎರಡು ಸೀಟಿ, ಮುಂದಿನ ಹೆಜ್ಜೆ. ಮೊದಲ ದಿನ ಲಿಫ್ಟಿನಿಂದ ಗೇಟಿಗೆ, ಅಂದರೆ ನಲವತ್ತು ಹೆಜ್ಜೆಗೆ, ಒಂದೂವರೆ ಗಂಟೆ ಹಿಡಿಯಿತು. ನಾನು ಬಾಲ್ಕನಿಯಿಂದ, "ಎಕ್ಸ್‌ಪ್ರೆಸ್ ಎಲ್ಲಿಗೆ ಬಂತು?" ಎಂದು ಕೂಗಿ ಕೇಳಿದೆ. ಅದು ಒಂದು ಮೊಂಡು, ಇವಳು ಎರಡು ಮೊಂಡು. ಇಬ್ಬರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಎರಡನೇ ವಾರ ರಸ್ತೆಗಿಳಿದರು. ಅಲ್ಲಿ ಒಂದು ಎಡವಟ್ಟಾಯಿತು. ಲಗೇಜು ಜಗ್ಗಿತೆಂದು ಅಕ್ಕ ಒಂದು ಸೀಟಿ ಊದಿದ್ದೇ ತಡ, ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸು ಕಿರ್ರೆಂದು ನಿಂತಿತು. ನಿಂತಿದ್ದ ಪ್ರಯಾಣಿಕರೆಲ್ಲ ಒಬ್ಬರ ಮೇಲೊಬ್ಬರು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬಾಯಿಗೆ ಬಂದದ್ದು ಅನ್ನಲು ಹೊರಟವನು ಅಕ್ಕನನ್ನು ಕಂಡು ನಕ್ಕುಬಿಟ್ಟ. ಅವಳು ಗಂಭೀರವಾಗಿ ಎರಡು ಸೀಟಿ ಊದಿದಳು. ಬಸ್ಸು ಹೊರಟಿತು, ಅದರ ಜೊತೆಗೆ ಲಗೇಜೂ ಹೊರಟಿತು. ಆವತ್ತು ಅದು ಮೊದಲ ಸಲ ಹಗ್ಗ ಜಗ್ಗದೆ ಬೀದಿಯ ಕೊನೆ ಮುಟ್ಟಿತು.

ಆದರೆ ಇಪ್ಪತ್ತೆರಡನೇ ದಿನ ಅದೇ ಬೆಕ್ಕು ಮತ್ತೆ ಸಿಕ್ಕಿತು. ಅಕ್ಕ ಸೀಟಿ ಬಾಯಿಗಿಡುವಷ್ಟರಲ್ಲಿ ನೆಲಕ್ಕೆ ಬಿದ್ದಿದ್ದಳು. ಮೊಣಕಾಲು ತರಚಿ ರಕ್ತ, ಮಣಿಕಟ್ಟು ಬಾತುಕೊಂಡು ಬನ್ನಿನಂತಾಗಿತ್ತು. ಪಟ್ಟಿ ಕಟ್ಟುತ್ತಾ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಸಾಕಕ್ಕ ನಿನ್ನ ಹಠ. ನಿನಗೇನಾದ್ರೂ ಆದ್ರೆ ನನಗ್ಯಾರಿದ್ದಾರೆ? ಎಲ್ಲಾದ್ರೂ ಕೊಟ್ಟುಬಿಡೋಣ."

"ನಾನೇ ಟಿಕೆಟ್ ಕೊಟ್ಟಿದ್ದೀನಿ ಅವನಿಗೆ. ನಡುದಾರೀಲಿ ಇಳಿಸೋ ಮಾತೇ ಇಲ್ಲ" ಎಂದಳು.

ಮಾರನೆಯ ದಿನ ನಾನು ಮಾಡಿದ್ದನ್ನೂ ಹೇಳಬೇಕು. ನನ್ನ ಹತ್ತಿರ ಅರ್ಜಿ ಟೈಪು ಮಾಡಿಸುವ ಒಬ್ಬನದು ಇಟ್ಟಿಗೆ ಗೂಡು ಇತ್ತು. ಅವನಿಗೆ ಕಾವಲಿಗೆ ದೊಡ್ಡ ನಾಯಿ ಬೇಕಿತ್ತು. "ಕಟ್ಟಿಹಾಕಿರ್ತೀವಿ, ಎಲ್ಲೂ ಹೋಗಲ್ಲ" ಎಂದ. ಮತ್ತೆ ಸರಪಳಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಸಂಘದವರು ಪರೀಕ್ಷೆ ಇಟ್ಟ ಭಾನುವಾರವೇ ಗಾಡಿ ತರಲು ಹೇಳಿದೆ. ಲಗೇಜು ಹೇಗೂ ಸೋಲುತ್ತದೆ ಎಂದುಕೊಂಡಿದ್ದೆ.

ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸಂಘದ ಐದು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾಲ್ಕನಿಗಳ ತುಂಬ ಮುಖಗಳು. ನಾನು ಗೇಟಿನ ಹತ್ತಿರ ನಿಂತಿದ್ದೆ. ಅಕ್ಕ ಲಗೇಜನ್ನು ಎರಡು ಸುತ್ತು ನಡೆಸಿದಳು. ಹಗ್ಗ ಒಮ್ಮೆಯೂ ಬಿಗಿಯಲಿಲ್ಲ.

"ಹಗ್ಗ ಇದ್ರೆ ಯಾರಾದ್ರೂ ನಡೆಸ್ತಾರೆ" ಎಂದರು ಕಾರ್ಯದರ್ಶಿ.

ಅಕ್ಕ ಅವರನ್ನು ದಿಟ್ಟಿಸಿ ನೋಡಿ, ಬಗ್ಗಿ, ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಸರಿಯಾಗಿ ಆಗಲೇ ಆ ಹಾಳು ಬೆಕ್ಕು ಕಾಂಪೌಂಡಿನಿಂದ ಧುಮುಕಿ ಹೂಕುಂಡಗಳ ಕಡೆ ಓಡಿತು. ಲಗೇಜು ಅದರ ಹಿಂದೆ ಹಾರಿತು. ಕುರ್ಚಿಗಳು ಉರುಳಿದವು, ಐದೂ ಜನ ದಿಕ್ಕಾಪಾಲಾದರು, ಕಾರ್ಯದರ್ಶಿ ಪಂಚೆ ಎತ್ತಿ ಹಿಡಿದು ಮೆಟ್ಟಿಲ ಕಡೆ ಓಟ ಕಿತ್ತರು.

ಒಂದು ಸೀಟಿ.

ಲಗೇಜು ನಿಂತಿತು. ಮುಂಗಾಲೊಂದು ಗಾಳಿಯಲ್ಲಿ, ಮೈಯೆಲ್ಲ ನಡುಗುತ್ತಿತ್ತು, ಆದರೂ ನಿಂತಿತು. ಕಾರ್ಯದರ್ಶಿಯೂ ನಿಂತರು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ. ಬಾಲ್ಕನಿಗಳಿಂದ ನಗೆ ಉಕ್ಕಿತು. ಅಕ್ಕ ಆತುರಪಡದೆ ನಡೆದು ಹೋಗಿ ಲಗೇಜಿನ ಬಾಯಿಗೆ ಮೊಟ್ಟೆಯ ಚೂರಿಟ್ಟು ಹಗ್ಗ ಸಿಕ್ಕಿಸಿದಳು.

"ನಾನ್ಯಾಕೆ ನಿಂತೆ?" ಎಂದು ಕಾರ್ಯದರ್ಶಿ ತಮ್ಮನ್ನೇ ಕೇಳಿಕೊಂಡರು.

"ನಿಮ್ಮನ್ನ ಪಳಗಿಸೋಕೆ ಹದಿನೈದು ವರ್ಷ ಹಿಡೀತು ಸಾರ್. ಇವನು ಒಂದೇ ತಿಂಗಳಿಗೆ ಕಲ್ತ" ಎಂದಳು ಅಕ್ಕ.

ಗೇಟಿನ ಹೊರಗೆ ಟೆಂಪೊ ಬಂದು ನಿಂತಿತ್ತು. ಗೂಡಿನವನು ಸರಪಳಿ ಹಿಡಿದು ಇಳಿದ. "ನಾಯಿ ಕೊಡ್ತೀವಿ ಅಂತ ತಂಗಿಯವರು ಫೋನ್ ಮಾಡಿದ್ರು" ಎಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅಕ್ಕ ನನ್ನ ಕಡೆ ನೋಡಿದಳು. ಗೂಡಿನವನ ಮುಖಕ್ಕೇ ಹಿಡಿದು ಎರಡು ಸೀಟಿ ಊದಿದಳು.

"ಏನಮ್ಮಾ?"

"ಕೇಳಿಸ್ಲಿಲ್ವಾ? ಗಾಡಿ ಹೊರಡ್ಲಿ."

ಟೆಂಪೊ ಹೋದ ಮೇಲೆ ಅವಳು ನನ್ನೆದುರು ಬಂದು ನಿಂತಳು. ಲಗೇಜಿನ ಕೊರಳಪಟ್ಟಿಯಲ್ಲಿ ಆ ಟಿಕೆಟ್ ಪ್ಲಾಸ್ಟಿಕ್ಕಿನೊಳಗೆ ಇನ್ನೂ ಹಾಗೇ ಇತ್ತು.

"ಇಳೀತೀಯೋ, ಬರ್ತೀಯೋ?" ಎಂದು ಕೇಳಿದಳು.

"ಬರ್ತೀನಕ್ಕ."

"ಹಾಗಾದ್ರೆ ಫುಟ್‌ಬೋರ್ಡ್ ಮೇಲೆ ನಿಲ್ಬೇಡ. ಒಳಗೆ ಬಾ" ಎಂದು ಹಗ್ಗವನ್ನು ನನ್ನ ಕೈಗಿಟ್ಟಳು. ನಾನು ಅದನ್ನು ಭದ್ರವಾಗಿ ಹಿಡಿಯುವವರೆಗೂ ಕಾದು, ಆಮೇಲೆ ಎರಡು ಸೀಟಿ ಊದಿದಳು.