ಬಾಟಲಿ ಮೂಸುವ ಗುರಣ್ಣ
ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ವಿಟಮಿನ್ ಟಾನಿಕ್ಕು, ಮೀನೆಣ್ಣೆ ಬಿಡಿಯಾಗಿ ಅಳೆದು ಮಾರುವ ಗುರಣ್ಣನವರಿಗೆ ಔಷಧಕ್ಕಿಂತ ಬಾಟಲಿಯದೇ ಚಿಂತೆ. ಸರಕಾರ ಕೇಳುವುದು ಕಂದು ಗಾಜು, ಬಿಗಿ ಬಿರಡೆ, ತಾರೀಖಿನ ಚೀಟಿ ಇಷ್ಟನ್ನೇ. ಗುರಣ್ಣನವರ ಕಾಯಿದೆಯಲ್ಲಿ ಅವರ ಮೂಗೂ ಒಪ್ಪಬೇಕು. ಗಿರಾಕಿ ಮನೆಯಿಂದ ತಂದ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ, ಆಮೇಲೆ ಕಣ್ಣು ಮುಚ್ಚಿ ಮೂಸುತ್ತಾರೆ. ಅಷ್ಟು ಹೊತ್ತು ಅಂಗಡಿಯಲ್ಲಿ ಯಾರೂ ಕೆಮ್ಮುವಂತಿಲ್ಲ. ಮೊನ್ನೆ ಭೂತನಾಳದ ಮಾಳವ್ವನ ಬಾಟಲಿ ಮೂಸಿದವರೇ ಬಿಳಿಚಿಕೊಂಡರು. “ಇದರಾಗ ಮೊದಲ ಏನಿತ್ತಬೇ?” “ಹತ್ತಿ ಹುಳಕ್ಕ ಹೊಡಿಯೂ ಎಣ್ಣಿ ಇತ್ರಿ ಯಪ್ಪಾ. ಬೂದಿ ಹಾಕಿ ಮೂರ ಸಲ ತೊಳದೇನ್ರಿ.” ಬಾಟಲಿ ಕಲ್ಲಿಗೆ ಬಡಿದು ಪುಡಿಯಾಯಿತು. “ಭೂತನಾಳ ಕೆರಿ ಪೂರಾ ಸುರುವಿ ತೊಳದ್ರೂ ಅದರ ವಿಷ ಹೋಗೂದಿಲ್ಲ!” ಎಂದು ಕೂಗಿ, ಹೊಸ ಬಾಟಲಿಯಲ್ಲಿ ಟಾನಿಕ್ಕು ತುಂಬಿ ಪುಕ್ಕಟೆ ಕೊಟ್ಟರು. ನೆಗಡಿಯಾದ ದಿನ ಮಾತ್ರ ಅಂಗಡಿಗೆ ಬೀಗ. ನೆಗಡಿಗೆ ಹೆದರುವ ಔಷಧದಂಗಡಿಯವ ಎಂದು ಓಣಿಯೆಲ್ಲ ನಗುತ್ತದೆ; ನಾನೂ ನಕ್ಕವನೇ. ಅವರ ಹೆಂಡತಿ ರೇಣವ್ವ ಒಂದು ದಿನ ಹೇಳಿದ ಮೇಲೆ ಬಿಟ್ಟೆ: “ನಮ್ಮ ಮಗಳ ತೀರಿ ಹೋದ್ಲಲ್ರಿ, ಅಂಥಾದ್ದ ಒಂದ ವಿಷದ ಬಾಟ್ಲಿಯೊಳಗ ಅಕಿಗಿ ಮೀನೆಣ್ಣಿ ತುಂಬಿ ಕೊಟ್ಟ ದಿನ ಇವರಿಗಿ ನೆಗಡಿ ಆಗಿತ್ರಿ.”